ಹಡಗಿನ ಊಟದ ಹಾಲ್‌ಗೆ ಯಾವ ಚಪ್ಪಲಿ? ಸತೀಶನಿಗೊಂದು ಪತ್ರ

ಪ್ರಿಯ ಸತೀಶ,

ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ ಏಳು ರಾತ್ರಿಯ ಕಾರ್ನಿವಲ್ ಕಂಪನಿಯ ವಿಹಾರ ಹಡಗಿನ ಟಿಕೆಟ್ ಆಯ್ತು, ಅಪ್ಪ ಅಮ್ಮ ಹಾಸನದಿಂದ ಬಂದಿದ್ದಾರೆ, ಇನ್ನು ಬಟ್ಟೆ ತುಂಬೋದೊಂದೇ ಬಾಕಿ ಅಂತ ಬರೆದಿದ್ದೀಯ. ತುಂಬಾ ಖುಷಿ ಆಯ್ತು. ಆದರೆ ಕೊನೇ ಸಾಲಲ್ಲಿ "ಅಪ್ಪ ಸೂಟು ಬೇಡ, ಶೂ ಬೇಡ ಅಂತ ಹಟ ಹಿಡಿದಿದ್ದಾರೆ, ಅದಕ್ಕೇ ರಾತ್ರಿ ಊಟ ಎಲ್ಲಾ ಮೇಲಿನ ಬಫೆಯಲ್ಲೇ ಮುಗಿಸ್ತೀವಿ" ಅಂದಿದ್ದೀಯಲ್ಲ, ಅದನ್ನ ಓದಿ ಸುಮ್ಮನಿರೋಕೆ ಆಗಲಿಲ್ಲ. ದಯವಿಟ್ಟು ಹಾಗೆ ಮಾಡಬೇಡ. ಅವರಿಗೆ ಸೂಟೂ ಬೇಕಿಲ್ಲ, ಶೂನೂ ಬೇಕಿಲ್ಲ. ಕಾಲಲ್ಲಿ ಒಂದು ಒಳ್ಳೇ ಚಪ್ಪಲಿ, ಮೈಮೇಲೆ ಇಸ್ತ್ರಿ ಮಾಡಿದ ಬಟ್ಟೆ ಇದ್ದರೆ ಸಾಕು.

ಊಟದ ಹಾಲ್ ಬಿಡಬೇಡ ಅಂತ ನಾನು ಇಷ್ಟು ಒತ್ತಿ ಹೇಳೋದಕ್ಕೆ ಮೊದಲ ಕಾರಣ ಊಟವೇ. ಅಪ್ಪ ಅಮ್ಮ ಇಬ್ಬರೂ ಸಸ್ಯಾಹಾರಿಗಳು. ಕಾರ್ನಿವಲ್ ಹಡಗುಗಳ ಮುಖ್ಯ ಊಟದ ಹಾಲ್‌ನಲ್ಲಿ ಮೊದಲ ರಾತ್ರಿಯೇ ಹೆಡ್ ವೇಟರ್‌ಗೆ ಹೇಳಿಟ್ಟರೆ ಭಾರತೀಯ ಸಸ್ಯಾಹಾರ ಮಾಡಿಕೊಡ್ತಾರೆ. ನಾಳೆಗೆ ಏನು ಬೇಕು ಅನ್ನೋದನ್ನ ಇವತ್ತಿನ ಊಟ ಮುಗಿಸಿ ಏಳುವಾಗಲೇ ಹೇಳಬೇಕು. ಈರುಳ್ಳಿ ಬೆಳ್ಳುಳ್ಳಿ ಬೇಡ ಅಂದರೆ ಅದನ್ನೂ ಆಗಲೇ ಹೇಳಿಬಿಡು. ಬಿಸಿ ಅನ್ನ, ದಾಲು, ಒಂದೆರಡು ಪಲ್ಯ ಕೂತ ಜಾಗಕ್ಕೆ ಬರುತ್ತೆ. ಬಫೆಯಲ್ಲಾದರೆ ಅವರು ತಟ್ಟೆ ಹಿಡಿದು ಸಾಲಲ್ಲಿ ನಿಲ್ಲಬೇಕು, ಪ್ರತಿ ಪಾತ್ರೆ ಮುಂದೆಯೂ ಇದರಲ್ಲಿ ಮಾಂಸ ಇದೆಯಾ ಅಂತ ಕೇಳಬೇಕು, ಹಡಗು ಓಲಾಡುವಾಗ ಸಾರು ಚೆಲ್ಲದ ಹಾಗೆ ಟೇಬಲ್ ಹುಡುಕಬೇಕು. ಚಪ್ಪಲಿ ವಿಷಯಕ್ಕೆ ಇಷ್ಟೆಲ್ಲಾ ಕಷ್ಟ ಯಾಕೆ?

ಈಗ ನಿಯಮ ಏನು ಅಂತ ನೋಡು. ಕಾರ್ನಿವಲ್‌ನಲ್ಲಿ ರಾತ್ರಿ ಊಟಕ್ಕೆ ಎರಡು ಬಗೆಯ ಉಡುಪು: 'ಕ್ರೂಸ್ ಕ್ಯಾಶುವಲ್', ಅಂದರೆ ಸರಳವಾದದ್ದು, ಮತ್ತು 'ಕ್ರೂಸ್ ಎಲಿಗೆಂಟ್', ಅಂದರೆ ಸ್ವಲ್ಪ ಠೀವಿಯದ್ದು. 2ರಿಂದ 5 ದಿನದ ಪ್ರಯಾಣದಲ್ಲಿ ಎಲಿಗೆಂಟ್ ರಾತ್ರಿ 1, 6 ದಿನ ಅಥವಾ ಅದಕ್ಕಿಂತ ಹೆಚ್ಚಾದರೆ 2. ಅಂದರೆ ನಿಮ್ಮ ಏಳರಲ್ಲಿ ಐದು ರಾತ್ರಿ ಕ್ಯಾಶುವಲ್. ಆ ಐದು ರಾತ್ರಿ ಕಾಲರ್ ಇರೋ ಅಂಗಿ, ಪ್ಯಾಂಟು, ಹರಿದಿಲ್ಲದ ಜೀನ್ಸ್, ಮೊಣಕಾಲಿನವರೆಗೆ ಬರೋ ನೀಟಾದ ಶಾರ್ಟ್ಸ್ ಕೂಡ ನಡೆಯುತ್ತೆ. ನಡೆಯದೇ ಇರೋದು ಈಜುಡುಗೆ, ಗಂಡಸರ ತೋಳಿಲ್ಲದ ಬನಿಯನ್, ಆಟದ ಚಡ್ಡಿ, ಬೇಸ್‌ಬಾಲ್ ಟೋಪಿ ಮತ್ತು ಬೀಚಿನ ರಬ್ಬರ್ ಚಪ್ಪಲಿ, ನಾವು ಹವಾಯಿ ಚಪ್ಪಲಿ ಅನ್ನೋದು. ಎಲಿಗೆಂಟ್ ರಾತ್ರಿ ಗಂಡಸರಿಗೆ ಒಳ್ಳೇ ಪ್ಯಾಂಟು, ಉದ್ದ ತೋಳಿನ ಅಂಗಿ ಸಾಕು. ಕೋಟು ಇದ್ದರೆ ಚೆಂದ, ಇಲ್ಲದಿದ್ದರೆ ಯಾರೂ ಕೇಳಲ್ಲ. ಶಾರ್ಟ್ಸ್, ಟೀ ಶರ್ಟ್ ಮಾತ್ರ ಆ ರಾತ್ರಿ ಬೇಡ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟಕ್ಕೆ ಇಷ್ಟು ಬಿಗಿ ಇಲ್ಲ, ಆದರೆ ಒದ್ದೆ ಬಟ್ಟೆ, ಬರಿಗಾಲು ಯಾವ ಹೊತ್ತಲ್ಲೂ ಇಲ್ಲ.

ಚಪ್ಪಲಿಯಲ್ಲೇ ಯಾಕೆ ಇಷ್ಟು ಭೇದ ಅಂತ ಅಪ್ಪ ಕೇಳೇ ಕೇಳ್ತಾರೆ. ಅವರಿಗೆ ಕಾರಣ ಸರಿಯಾಗಿ ಹೇಳು, ಒಪ್ಪಿಕೊಳ್ತಾರೆ. ಹವಾಯಿ ಚಪ್ಪಲಿಯಲ್ಲಿ ಹಿಮ್ಮಡಿಗೆ ಹಿಡಿತ ಇಲ್ಲ. ಪಾದ ನಿಲ್ಲೋದು ಹೆಬ್ಬೆರಳ ಸಂದಿಯ ಒಂದೇ ಒಂದು ಬಾರಿನ ಮೇಲೆ. ನೆಲ ಒಂದು ಕಡೆಗೆ ವಾಲಿದಾಗ ಪಾದ ಚಪ್ಪಲಿಯಿಂದ ಪಕ್ಕಕ್ಕೆ ಜಾರುತ್ತೆ, ಬಾರು ಕಿತ್ತುಬರುತ್ತೆ. ಈಜುಕೊಳದಿಂದ ಬಂದ ಒದ್ದೆ ಅಟ್ಟೆ ಊಟದ ಹಾಲ್ ಮುಂದಿನ ನಯವಾದ ಕಲ್ಲು ನೆಲದ ಮೇಲೆ ಸರ್ರನೆ ಜಾರುತ್ತೆ. ಒಳಗೆ ವೇಟರ್‌ಗಳು ದೊಡ್ಡ ಟ್ರೇಯಲ್ಲಿ ಮುಚ್ಚಳ ಹಾಕಿದ ತಟ್ಟೆಗಳನ್ನ ಒಂದರ ಮೇಲೊಂದು ಪೇರಿಸಿ ಹೆಗಲ ಮೇಲೆ ಹೊತ್ತು, ಎರಡು ಕುರ್ಚಿಗಳ ನಡುವಿನ ಕಿರಿದಾದ ಸಂದಿಯಲ್ಲಿ ಓಡಾಡ್ತಿರ್ತಾರೆ. ಯಾರೋ ಒಬ್ಬರು ಎಡವಿದರೆ ಬಿಸಿ ಸೂಪು ಇನ್ನೊಬ್ಬರ ತೊಡೆ ಮೇಲೆ. ಲೋಟ ಒಡೆದರೆ ಸಣ್ಣ ಚೂರು ಕಾರ್ಪೆಟ್ಟಿನ ಎಳೆಯಲ್ಲಿ ಸೇರಿಕೊಳ್ಳುತ್ತೆ, ಎಷ್ಟು ಗುಡಿಸಿದರೂ ಒಂದೆರಡು ಉಳಿಯುತ್ತೆ. ಇದರ ಜೊತೆ ಮರಳು, ಸನ್‌ಸ್ಕ್ರೀನ್ ಜಿಡ್ಡು ಕುರ್ಚಿಯ ಬಟ್ಟೆಗೆ ಅಂಟೋದು ಬೇರೆ.

ಇದೆಲ್ಲಾ ಸುರಕ್ಷತೆಯ ಮಾತು. ಆದರೆ ಅಷ್ಟೇ ಅಲ್ಲ ಅಂತ ನನಗನ್ನಿಸುತ್ತೆ. ಇಡೀ ದಿನ ಬಿಸಿಲಲ್ಲಿ ಚಡ್ಡಿ ಹಾಕಿಕೊಂಡು ತಿರುಗಾಡಿದ ಸಾವಿರಾರು ಜನ ಸಂಜೆ ಮುಖ ತೊಳೆದು, ತಲೆ ಬಾಚಿ, ಮಡಿಕೆ ಮುರಿಯದ ಬಟ್ಟೆ ಹಾಕಿ ಒಂದೇ ಹಾಲ್‌ನಲ್ಲಿ ಊಟಕ್ಕೆ ಕೂರೋದು ನಿಜವಾಗಿಯೂ ಚೆಂದ. ನಮಗೆ ಬಡಿಸೋರು ತಿಂಗಳುಗಟ್ಟಲೆ ಮನೆ ಬಿಟ್ಟು ಬಂದು ಇಸ್ತ್ರಿಯ ಸಮವಸ್ತ್ರದಲ್ಲಿ ನಿಂತಿರ್ತಾರೆ. ಅವರ ಮುಂದೆ ನಾವೂ ಒಂದಿಷ್ಟು ಅಚ್ಚುಕಟ್ಟಾಗಿ ಕೂರೋದು ಅವರಿಗೆ ಕೊಡೋ ಮರ್ಯಾದೆ. ಆ ನಿಯಮ ಉಳಿಯಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಬಾಗಿಲಲ್ಲಿ ನಿಂತವರು ಅಳತೆಪಟ್ಟಿ ಹಿಡಿದು ನೋಡಲ್ಲ. ತಲೆಯಿಂದ ಕಾಲಿನವರೆಗೆ ಒಂದು ನೋಟ, ಅಷ್ಟೇ. ಆ ನೋಟಕ್ಕೆ ಸಿಕ್ಕಿಬೀಳೋದು ಬಣ್ಣಬಣ್ಣದ ಸ್ಪಂಜಿನ ಅಟ್ಟೆ, ಇಂಗ್ಲಿಷ್ ವಿ ಆಕಾರದ ರಬ್ಬರ್ ಬಾರು. ಚರ್ಮದ ಅಥವಾ ಚರ್ಮದ ಹಾಗೆ ಕಾಣೋ ಗಾಢ ಬಣ್ಣದ ಚಪ್ಪಲಿ, ಹಿಂದೆ ಬೆಲ್ಟ್ ಇದ್ದರಂತೂ, ಕ್ಯಾಶುವಲ್ ರಾತ್ರಿಗಳಲ್ಲಿ ಸಲೀಸಾಗಿ ದಾಟುತ್ತೆ. ಹೆಬ್ಬೆರಳಿಗೆ ಉಂಗುಷ್ಟ ಇರೋ ಅಥಣಿ ಚಪ್ಪಲಿಯೂ ಸಾಮಾನ್ಯವಾಗಿ ದಾಟುತ್ತೆ. ನೋಡಿದ ತಕ್ಷಣ ಅದು ಬೀಚಿಂದಲ್ಲ, ಕೈಕೆಲಸದ್ದು ಅಂತ ತಿಳಿಯುತ್ತೆ.

ಅಪ್ಪನ ಹತ್ರ ಇರೋದು ಅಂಥದ್ದೇ ಅಂದೆಯಲ್ಲ, ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ತೀನಿ. ಅಥಣಿ, ನಿಪ್ಪಾಣಿ ಕಡೆ ಮಾಡೋ ಚಪ್ಪಲಿಯೂ ಕೊಲ್ಹಾಪುರಿ ಅನ್ನೋ ಹೆಸರಿನ ಕೆಳಗೇ ಬರುತ್ತೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿದೆ. ಗಿಡಮೂಲಿಕೆಯಿಂದ ಹದ ಮಾಡಿದ ಚರ್ಮ ಅದು, ಒಣ ನೆಲಕ್ಕೆ ಹೇಳಿ ಮಾಡಿಸಿದ್ದು. ಆದರೆ ನೀರು ಕುಡಿದರೆ ಮೆತ್ತಗಾಗಿ ಆಕಾರ ಕೆಡುತ್ತೆ, ಆಮೇಲೆ ಒಣಗಿದಾಗ ಕಟ್ಟಿಗೆಯಷ್ಟು ಗಟ್ಟಿ. ಬಣ್ಣವೂ ಬಿಟ್ಟು ಪಾದಕ್ಕೆ, ಪಂಚೆಯ ಅಂಚಿಗೆ ಹತ್ತುತ್ತೆ. ಉಪ್ಪುನೀರಾದರೆ ಇನ್ನೂ ಬೇಗ. ಇನ್ನೊಂದು ತೊಂದರೆ ಅಟ್ಟೆಯದು. ಬರೀ ಚರ್ಮದ ಅಟ್ಟೆ ಸವೆದು ನಯವಾದ ಮೇಲೆ ಕಲ್ಲು ನೆಲದಲ್ಲಿ ಜಾರುತ್ತೆ. ಹೊರಡೋಕೆ ಮುಂಚೆ ಚಪ್ಪಲಿ ರಿಪೇರಿ ಅಂಗಡಿಯಲ್ಲಿ ಎರಡು ಮಿಲಿಮೀಟರ್‌ನ ತೆಳ್ಳನೆ ರಬ್ಬರ್ ಅಟ್ಟೆ ಅಂಟಿಸಿಸು, ಮುಂದಿನ ಅರ್ಧಕ್ಕೂ ಹಿಮ್ಮಡಿಗೂ ಬೇರೆ ಬೇರೆ ತುಂಡು. ಅಂಟು ಹಾಕಿ ಒಂದು ದಿನ ಪೂರ್ತಿ ಬಿಡಬೇಕು, ಆತುರ ಮಾಡಿದರೆ ತುದಿ ಏಳುತ್ತೆ. ತುದಿ ಎದ್ದ ಅಟ್ಟೆ ಕಾರ್ಪೆಟ್ಟಿಗೆ ಸಿಕ್ಕಿಕೊಂಡರೆ ಜಾರೋದಕ್ಕಿಂತ ಅಪಾಯ. ಆಮೇಲೆ ಈ ಜೋಡಿಯನ್ನ ಊಟದ ಹಾಲ್‌ಗೆ ಮಾತ್ರ ಇಟ್ಟುಕೊಳ್ಳಲಿ, ಡೆಕ್ಕಿಗೆ, ಬೀಚಿಗೆ ಬೇಡ.

ಅವರಿಗೆ ಸಕ್ಕರೆ ಕಾಯಿಲೆ ಇದೆ, ವಿಮಾನದಲ್ಲಿ ಬಂದಾಗ ಕಾಲು ಊದಿತ್ತು ಅಂತಲೂ ಬರೆದಿದ್ದೀಯ. ಹಾಗಿದ್ದರೆ ಅಥಣಿ ಚಪ್ಪಲಿ ಎಲಿಗೆಂಟ್ ರಾತ್ರಿಗಳಿಗೆ ಮಾತ್ರ ಇರಲಿ, ಉಳಿದ ರಾತ್ರಿಗೆ ಬೆರಳು ಮುಚ್ಚೋ, ಹಿಂದೆ ಬೆಲ್ಟ್ ಇರೋ, ವೆಲ್ಕ್ರೋ ಪಟ್ಟಿಯ ಕಪ್ಪು ಸ್ಯಾಂಡಲ್ ತಗೋ. ಅದನ್ನ ಅಂಗಡಿಯಲ್ಲಿ ಸಂಜೆ ಹೊತ್ತು ಹಾಕಿಸಿ ನೋಡು. ಬೆಳಿಗ್ಗೆ ಸರಿಹೋದ ಚಪ್ಪಲಿ ಊದಿದ ಕಾಲಿಗೆ ರಾತ್ರಿ ಬಿಗಿಯುತ್ತೆ, ಸಕ್ಕರೆ ಇರೋರಿಗೆ ಉಜ್ಜಿ ಗಾಯ ಆದರೂ ಎಷ್ಟೋ ಸಲ ಗೊತ್ತಾಗಲ್ಲ. ರಾತ್ರಿ ಮಲಗೋ ಮುಂಚೆ ಪಾದ, ಬೆರಳ ಸಂದಿ ಒಮ್ಮೆ ನೀನೇ ಟಾರ್ಚ್ ಹಿಡಿದು ನೋಡು. ವೈದ್ಯರು ಹೇಳಿದ ಚಪ್ಪಲಿಯನ್ನೇ ಹಾಕಬೇಕು ಅಂತಿದ್ದರೆ ಮೊದಲ ದಿನವೇ ಬಾಗಿಲಲ್ಲಿ ಒಂದು ಮಾತು ಹೇಳು, ಅದಕ್ಕೆ ಸಾಮಾನ್ಯವಾಗಿ ಅಡ್ಡಿ ಮಾಡಲ್ಲ.

ನಮ್ಮ ಹಿರಿಯರ ಒಂದು ಅಭ್ಯಾಸದ ಬಗ್ಗೆ ಮೊದಲೇ ಎಚ್ಚರಿಸಬೇಕು. ಊಟಕ್ಕೆ ಕೂತ ತಕ್ಷಣ ಚಪ್ಪಲಿ ಕಳಚಿ ಟೇಬಲ್ ಕೆಳಗೆ ಬಿಡ್ತಾರೆ. ಅನ್ನದ ಮುಂದೆ ಚಪ್ಪಲಿ ಹಾಕಿ ಕೂರೋದು ಅವರಿಗೆ ಮನಸ್ಸಿಗೆ ಬರಲ್ಲ, ಅದು ನನಗೂ ಅರ್ಥ ಆಗುತ್ತೆ. ಆದರೆ ಹಡಗು ಓಲಾಡಿದಾಗ ಆ ಚಪ್ಪಲಿ ನಿಧಾನಕ್ಕೆ ಜರುಗಿ ವೇಟರ್ ಓಡಾಡೋ ದಾರಿಗೆ ಹೋಗುತ್ತೆ. ಹಿಂದಿನ ಬೆಲ್ಟ್ ಬಿಗಿದಿದ್ದರೆ ಅಷ್ಟು ಸುಲಭಕ್ಕೆ ಕಳಚೋಕಾಗಲ್ಲ, ಅದೇ ಒಳ್ಳೇದು. ಕಳಚಲೇಬೇಕು ಅಂದರೆ ಗೋಡೆ ಬದಿಯ ಟೇಬಲ್ ಕೇಳಿ, ಒಳಗಿನ ಕುರ್ಚಿಯಲ್ಲಿ ಅವರನ್ನ ಕೂರಿಸು, ಚಪ್ಪಲಿ ಕುರ್ಚಿ ಕಾಲುಗಳ ನಡುವೆ ಇರಲಿ. ಕಾಲು ಮೇಲಿಟ್ಟು ಚಕ್ಕಳಮಕ್ಕಳ ಹಾಕೋದು ಮಾತ್ರ ಬೇಡ. ಹಾಗೇ ಕ್ಯಾಬಿನ್ ಬಾಗಿಲ ಹೊರಗೆ ಚಪ್ಪಲಿ ಬಿಡೋದೂ ಬೇಡ. ಆ ಕಾರಿಡಾರ್ ತುರ್ತು ದಾರಿ, ಅದು ಯಾವಾಗಲೂ ಖಾಲಿ ಇರಬೇಕು. ಬಾಗಿಲ ಒಳಗೇ ಒಂದು ಹಳೇ ಪೇಪರ್ ಹಾಸಿ ಅಲ್ಲಿ ಬಿಡಲಿ.

ಪಂಚೆ ಉಡಬಹುದಾ ಅಂದಿದ್ದೀಯ. ಖಂಡಿತ ಉಡಬಹುದು. ಅಂಚಿನ ಬಿಳಿ ಪಂಚೆ, ರೇಷ್ಮೆ ಅಥವಾ ಒಳ್ಳೇ ಹತ್ತಿಯ ಜುಬ್ಬಾ, ಹೆಗಲಿಗೆ ಶಲ್ಯ. ಎಲಿಗೆಂಟ್ ರಾತ್ರಿಗೆ ಇದಕ್ಕಿಂತ ಗಂಭೀರವಾದ ಉಡುಪು ಬೇಕಾ? ಉಡುಪಿನ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು ಅನ್ನಿಸಿಕೊಂಡ ಕ್ಯೂನಾರ್ಡ್ ಹಡಗು ಕಂಪನಿಯೇ ತನ್ನ ಗಾಲಾ ರಾತ್ರಿಗೆ, ಅಂದರೆ ವಿಶೇಷ ಔತಣದ ರಾತ್ರಿಗೆ, ಅವರವರ ದೇಶದ ಸಾಂಪ್ರದಾಯಿಕ ಉಡುಪು ಆಗುತ್ತೆ ಅನ್ನುತ್ತೆ. ಎರಡೇ ಷರತ್ತು: ಪಂಚೆ ಪಾದದವರೆಗೆ ಇಳಿಬಿಟ್ಟಿರಬೇಕು, ಮೊಣಕಾಲಿಗೆ ಎತ್ತಿ ಕಟ್ಟಿದರೆ ಅದು ಅವರ ಕಣ್ಣಿಗೆ ಚಡ್ಡಿಯೇ. ಸೊಂಟಕ್ಕೆ ಬೆಲ್ಟ್ ಬಿಗಿದಿರಲಿ, ಮೆಟ್ಟಿಲು ಹತ್ತುವಾಗ ಅಂಚು ಕಾಲಿಗೆ ಸಿಕ್ಕಿದರೂ ಜಾರಲ್ಲ. ಕಚ್ಚೆ ಹಾಕಿ ಉಡೋದು ಅವರಿಗೆ ಅಭ್ಯಾಸ ಇದ್ದರೆ ಓಡಾಡೋಕೆ ಅದೇ ಇನ್ನೂ ಭದ್ರ.

ಅಮ್ಮನ ವಿಷಯದಲ್ಲಿ ಎಲ್ಲರೂ ಮರೆಯೋದು ಒಂದಿದೆ: ಸೀರೆ ಉಡೋ ಮೊದಲೇ ಆ ರಾತ್ರಿಯ ಚಪ್ಪಲಿ ಹಾಕಿಕೊಳ್ಳಬೇಕು. ನೆರಿಗೆಯ ಉದ್ದ ನಿರ್ಧಾರ ಆಗೋದು ಹಿಮ್ಮಡಿಯ ಎತ್ತರದಿಂದ. ಬರಿಗಾಲಲ್ಲಿ ಉಟ್ಟು ಆಮೇಲೆ ನಾಲ್ಕು ಸೆಂಟಿಮೀಟರ್ ಎತ್ತರದ ಚಪ್ಪಲಿ ಹಾಕಿದರೆ ಸೀರೆ ಮೇಲೇರಿ ಗಿಡ್ಡ ಕಾಣುತ್ತೆ. ಎತ್ತರದ್ದು ಹಾಕಿ ಉಟ್ಟು, ಕಾಲು ನೋವು ಅಂತ ಚಪ್ಪಟೆ ಚಪ್ಪಲಿಗೆ ಬದಲಾಯಿಸಿದರೆ ಅಂಚು ನೆಲ ಗುಡಿಸುತ್ತೆ, ಮೆಟ್ಟಿಲಲ್ಲಿ ತಾವೇ ತುಳಿದು ಮುಗ್ಗರಿಸ್ತಾರೆ. ಅಂಚು ನೆಲದಿಂದ ಒಂದು ಬೆರಳಷ್ಟು ಮೇಲಿರಲಿ, ನೆರಿಗೆಗಳನ್ನ ಮೊಣಕಾಲಿಗಿಂತ ಸ್ವಲ್ಪ ಮೇಲೆ ಒಳಗಡೆಯಿಂದ ಒಂದು ಪಿನ್ನು ಹಾಕಿ ಹಿಡಿಸಲಿ. ಹಿಮ್ಮಡಿ ಅಗಲವಾಗಿ, ಮೂರು ಸೆಂಟಿಮೀಟರ್ ಒಳಗೇ ಇರಲಿ. ಮೊಳೆಯಂಥ ಚೂಪು ಹಿಮ್ಮಡಿಯ ಚಪ್ಪಲಿ ನಿನ್ನ ಹೆಂಡತಿಗೂ ಬೇಡ ಅಂತೀನಿ. ಡೆಕ್ಕಿನ ಹಲಗೆ ಸಂದಿಗೂ, ಬಂದರಿಗೆ ಇಳಿಯೋ ಸೇತುವೆಯ ಪಟ್ಟಿಗಳ ನಡುವೆಯೂ ಅದು ಸಿಕ್ಕಿಕೊಳ್ಳುತ್ತೆ. ಚಳಿಗಾಲದಲ್ಲಿ ಮೆಕ್ಸಿಕೋ ಕೊಲ್ಲಿಗೆ ಬಡಗಣ ಗಾಳಿ ಬೀಸಿದರೆ ಹಡಗು ಚೆನ್ನಾಗೇ ಓಲಾಡುತ್ತೆ. ಸೀರೆ ಯಾವುದು ಅಂದರೆ ಮೈಸೂರು ರೇಷ್ಮೆಯೇ ಸರಿ, ಆ ಕ್ರೇಪ್ ನೂಲು ಪೆಟ್ಟಿಗೆಯಲ್ಲಿ ಮಡಚಿಟ್ಟರೂ ಅಷ್ಟಾಗಿ ಸುಕ್ಕಾಗಲ್ಲ. ಜರಿ ಕಪ್ಪಾಗದ ಹಾಗೆ ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ ಇಡಲಿ. ಒಂದು ಶಾಲು ಮರೆಯಬೇಡಿ, ಹಾಲ್‌ನಲ್ಲಿ ಏಸಿ ಜೋರಾಗಿರುತ್ತೆ.

ಮಗನಿಗೆ ಬಾಸ್ಕೆಟ್‌ಬಾಲ್ ಚಡ್ಡಿ, ಟೋಪಿ ಕ್ಯಾಬಿನ್‌ನಲ್ಲೇ ಬಿಟ್ಟು ಬಾ ಅಂದರೆ ಸಾಕು. ಮಾಸದ, ಕೆಸರಿಲ್ಲದ ಸ್ನೀಕರ್ ಹಾಕಿದ ಹುಡುಗರನ್ನ ಯಾರೂ ತಡೆಯಲ್ಲ.

ನಿನ್ನ ಶೂ ಬಗ್ಗೆ ಒಂದು ಮುಖ್ಯವಾದ ಮಾತು. ಬೀರುವಿನಲ್ಲಿ ವರ್ಷಗಟ್ಟಲೆ ಹಾಕದೇ ಇಟ್ಟ ಫಾರ್ಮಲ್ ಶೂ ಇದ್ದರೆ ಅದನ್ನ ಸೀದಾ ಪೆಟ್ಟಿಗೆಗೆ ಹಾಕಬೇಡ. ತುಂಬಾ ಶೂಗಳ ಅಟ್ಟೆ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್‌ನದ್ದು. ಗಾಳಿಯ ತೇವ ವರ್ಷಗಳ ಕಾಲ ಒಳಗೆ ಇಳಿದು ಅದರ ಅಣುಗಳ ಕೊಂಡಿಗಳನ್ನೇ ಒಡೆಯುತ್ತೆ. ಮೇಲೆ ಹೊಸದರ ಹಾಗೇ ಹೊಳೀತಿರುತ್ತೆ, ಹಾಕಿ ಇನ್ನೂರು ಹೆಜ್ಜೆ ನಡೆಯೋಷ್ಟರಲ್ಲಿ ಅಟ್ಟೆ ಪುಡಿಪುಡಿಯಾಗಿ ಕಾರ್ಪೆಟ್ ಮೇಲೆ ಉದುರುತ್ತೆ. ಹಾಗೆ ಉದುರೋಕೆ ಶುರುವಾದದ್ದು ಅಂಟಿಗೂ ನಿಲ್ಲಲ್ಲ. ಇವತ್ತೇ ತೆಗೆದು ಎರಡೂ ಕೈಯಲ್ಲಿ ಹಿಡಿದು ಚೆನ್ನಾಗಿ ಬಗ್ಗಿಸಿ ನೋಡು, ಅಟ್ಟೆಯ ಬದಿಗೆ ಉಗುರು ಒತ್ತಿ ನೋಡು. ಬಿರುಕು ಬಿಟ್ಟರೆ, ಅಂಟಂಟಾಗಿದ್ದರೆ, ಪುಡಿ ಬಂದರೆ ಬಿಸಾಕು. ಪರೀಕ್ಷೆಯಲ್ಲಿ ಪಾಸಾದರೂ ಮನೆಯಲ್ಲಿ ಒಂದು ಗಂಟೆ ಹಾಕಿ ಓಡಾಡು. ಹಡಗಿನ ಅಂಗಡಿಯನ್ನ ನಂಬಬೇಡ, ಅಲ್ಲಿ ವಾಚು, ಸುಗಂಧ, ಟೀ ಶರ್ಟ್ ಹೇರಳ, ನಿನ್ನ ಅಳತೆಯ ಕಪ್ಪು ಶೂ ಸಿಗೋದು ಕಷ್ಟ. ಹೊಸದು ಕೊಂಡರೆ ಎರಡು ವಾರ ಮುಂಚೆಯೇ ಕೊಂಡು ಕಾಲಿಗೆ ಪಳಗಿಸು.

ಒಬ್ಬೊಬ್ಬರಿಗೆ ಮೂರು ಜೋಡಿ ಸಾಕು. ಹಡಗು ಹತ್ತೋಕೆ, ಮೆಕ್ಸಿಕೋದ ಕೊಝುಮೆಲ್‌ನಂಥ ಬಂದರಿನಲ್ಲಿ ತಿರುಗೋಕೆ ನಡೆಯೋ ಶೂ, ಅದನ್ನ ಕಾಲಲ್ಲೇ ಹಾಕಿಕೊಂಡು ಬನ್ನಿ. ಈಜುಕೊಳ, ಬೀಚಿಗೆ ರಬ್ಬರ್ ಚಪ್ಪಲಿ. ಊಟದ ಹಾಲ್‌ಗೆ ಒಂದು, ಅಪ್ಪನಿಗೆ ಮಾತ್ರ ಎರಡು. ಈ ಮೂರನೆಯದು ಮಾತ್ರ ಬೆನ್ನಿನ ಚೀಲದಲ್ಲಿ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಅಲ್ಲ. ಯಾಕೆಂದರೆ ಬಂದರಿನಲ್ಲಿ ಕೂಲಿಯವರ ಕೈಗೆ ಕೊಟ್ಟ ಪೆಟ್ಟಿಗೆ ಕ್ಯಾಬಿನ್ ಬಾಗಿಲಿಗೆ ಬರೋದು ಸಂಜೆ, ಕೆಲವೊಮ್ಮೆ ಊಟದ ಹೊತ್ತು ಕಳೆದ ಮೇಲೆ. ಮೊದಲ ರಾತ್ರಿ ಎಲಿಗೆಂಟ್ ಇಡದೇ ಇರೋದೂ ಅದಕ್ಕೇ. ಕೊನೇ ರಾತ್ರಿಯೂ ಇಡಲ್ಲ, ಆಗ ಪೆಟ್ಟಿಗೆ ಕಟ್ಟಿ ಬಾಗಿಲ ಹೊರಗೆ ಇಟ್ಟಿರಬೇಕು. ಮೊದಲ ಎಲಿಗೆಂಟ್ ರಾತ್ರಿ ಸಾಮಾನ್ಯವಾಗಿ ಎರಡನೇ ದಿನ, ಇಡೀ ದಿನ ಸಮುದ್ರದ ಮೇಲಿರುವಾಗ ಬರುತ್ತೆ. ಖಚಿತ ದಿನ ಕಾರ್ನಿವಲ್ ಆ್ಯಪ್‌ನಲ್ಲಿ ಇರುತ್ತೆ, ನೋಡಿಕೋ. ಕೊನೇ ರಾತ್ರಿ ಆತುರದಲ್ಲಿ ಎಲ್ಲಾ ಚಪ್ಪಲಿಯೂ ಪೆಟ್ಟಿಗೆ ಸೇರಿ, ಬೆಳಿಗ್ಗೆ ಇಳಿಯುವಾಗ ಕಾಲಿಗೆ ಏನೂ ಇಲ್ಲ ಅನ್ನೋ ಫಜೀತಿ ಜನರಿಗೆ ಆಗ್ತಾನೇ ಇರುತ್ತೆ. ನಡೆಯೋ ಶೂಗಳನ್ನ ಮೊದಲೇ ಮಂಚದ ಪಕ್ಕ ತೆಗೆದಿಡಿ.

ಇಸ್ತ್ರಿಪೆಟ್ಟಿಗೆ ತಗೊಂಡು ಹೋಗಬೇಡ. ಬೆಂಕಿಯ ಭಯಕ್ಕೆ ಅದನ್ನ ಕ್ಯಾಬಿನ್‌ಗೆ ಬಿಡಲ್ಲ, ಬಟ್ಟೆಗೆ ಹಬೆ ಹಿಡಿಯೋ ಸ್ಟೀಮರ್ ಕೂಡ ಇಲ್ಲ, ಬಂದರಿನ ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ತಾರೆ. ಜುಬ್ಬಾ, ಅಂಗಿಯನ್ನ ಹ್ಯಾಂಗರ್‌ಗೆ ಹಾಕಿ ಬಚ್ಚಲಮನೆ ಬಾಗಿಲ ಹಿಂದೆ ತೂಗು, ಬಿಸಿನೀರು ಸ್ನಾನದ ಹಬೆ ಹತ್ತು ನಿಮಿಷ ಹಿಡಿಸು, ಒದ್ದೆ ಕೈಯಲ್ಲಿ ಮೇಲಿಂದ ಕೆಳಗೆ ಸವರು. ಸಣ್ಣ ಸುಕ್ಕು ಹೋಗುತ್ತೆ. ಗಂಜಿ ಹಾಕಿದ ಪಂಚೆಗೆ ಮಾತ್ರ ಈ ಉಪಾಯ ನಡೆಯಲ್ಲ, ಗಂಜಿ ಮೆತ್ತಗಾಗಿ ಜೋತುಬೀಳುತ್ತೆ. ಅದನ್ನ ಕ್ಯಾಬಿನ್ ನೋಡಿಕೊಳ್ಳೋರ ಕೈಗೆ ಬೆಳಿಗ್ಗೆಯೇ ಕೊಟ್ಟು ದುಡ್ಡು ಕೊಟ್ಟು ಇಸ್ತ್ರಿ ಮಾಡಿಸು. ಎಲಿಗೆಂಟ್ ರಾತ್ರಿಯ ದಿನವೇ ಕೊಟ್ಟರೆ ಸಂಜೆಗೆ ಕೈಗೆ ಬರದೇ ಹೋಗಬಹುದು, ಹಿಂದಿನ ದಿನ ಕೊಡು. ಮೊದಲನೆಯದು ಎರಡನೇ ದಿನವೇ ಆದರೆ ಅದಕ್ಕೆ ಸಮಯ ಸಿಗಲ್ಲ, ಆ ರಾತ್ರಿಗೆ ಗಂಜಿ ಇಲ್ಲದ ರೇಷ್ಮೆ ಪಂಚೆ ಇರಲಿ.

ಇಷ್ಟೆಲ್ಲಾ ಆಗಿಯೂ ಬಾಗಿಲಲ್ಲಿ ಯಾರಾದರೂ ಏನಾದರೂ ಅಂದರೆ ಅಪ್ಪನ ಮುಂದೆ ವಾದಕ್ಕೆ ನಿಲ್ಲಬೇಡ. ಪಕ್ಕಕ್ಕೆ ಬಂದು ಮೇತ್ರ್ ಡಿ ಅನ್ನೋ ಹಾಲ್‌ನ ಮೇಲ್ವಿಚಾರಕರನ್ನ ಕೇಳು, ಇದು ನಮ್ಮ ಕಡೆಯ ಸಾಂಪ್ರದಾಯಿಕ ಉಡುಪು ಅಂತ ಸಮಾಧಾನವಾಗಿ ಹೇಳು. ಚಪ್ಪಲಿಯೇ ಕಾರಣವಾದರೆ ಬದಲಾಯಿಸಿ ಬರೋದೊಂದೇ ದಾರಿ. ಗ್ಯಾಲ್ವೆಸ್ಟನ್‌ನಿಂದ ಹೊರಡೋ ಕಾರ್ನಿವಲ್ ಜುಬಿಲಿಯಂಥ ಹಡಗು 344 ಮೀಟರ್ ಉದ್ದ, ಮುಂದಿನ ತುದಿಯ ಕ್ಯಾಬಿನ್‌ಗೆ ಹೋಗಿ ಲಿಫ್ಟಿಗೆ ಕಾದು ಬರೋಷ್ಟರಲ್ಲಿ ನಿಮ್ಮ ಊಟದ ಸರದಿಯೇ ಮೀರಬಹುದು. ಹಾಗಾಗಿ ಬಂದರಿನಿಂದ ತಡವಾಗಿ ಹತ್ತೋ ದಿನ ಊಟದ ಚಪ್ಪಲಿಗಳನ್ನ ಒಂದು ಬಟ್ಟೆ ಚೀಲದಲ್ಲಿ ಜೊತೆಗೇ ಇಟ್ಟುಕೊಂಡಿರು.

ಮುಂದೆ ಬೇರೆ ಕಂಪನಿಯ ಹಡಗು ಹತ್ತಿದರೆ ಇದೇ ಲೆಕ್ಕ ಹಿಡಿಯಬೇಡ. ರಾಯಲ್ ಕೆರಿಬಿಯನ್ ಕಂಪನಿಯ ನಿಯಮ ಕಾರ್ನಿವಲ್‌ಗೆ ಹತ್ತಿರ. ಸೆಲೆಬ್ರಿಟಿ ಕ್ರೂಸಸ್ ಕಂಪನಿಯವರು 2015ರ ಕೊನೆಯಲ್ಲಿ ಫಾರ್ಮಲ್ ರಾತ್ರಿ ತೆಗೆದು 'ಈವನಿಂಗ್ ಶಿಕ್' ಅನ್ನೋ ಸ್ವಲ್ಪ ಸಡಿಲವಾದ ನಿಯಮ ತಂದರು. ನಾರ್ವೀಜಿಯನ್ ಕಂಪನಿಯ ಹಡಗುಗಳಲ್ಲಿ ಕಡ್ಡಾಯದ ಫಾರ್ಮಲ್ ರಾತ್ರಿಯೇ ಇಲ್ಲ. ಕ್ಯೂನಾರ್ಡ್‌ನಲ್ಲಿ ಸಂಜೆ 6 ಗಂಟೆ ನಂತರ ಊಟದ ಹಾಲ್ ಅಷ್ಟೇ ಅಲ್ಲ, ಬಹುಪಾಲು ಲೌಂಜ್‌ಗಳಿಗೂ ಉಡುಪಿನ ನಿಯಮ ಅನ್ವಯಿಸುತ್ತೆ. ಪುಸ್ತಕಗಳಲ್ಲಿ ಬರೆದದ್ದನ್ನೂ ನನ್ನ ಮಾತನ್ನೂ ಬಿಟ್ಟು, ಹೊರಡೋ ವಾರ ಆಯಾ ಕಂಪನಿಯ ವೆಬ್‌ಸೈಟನ್ನೇ ನೋಡು. ಈ ನಿಯಮಗಳು ಆಗಾಗ ಬದಲಾಗುತ್ತೆ.

ಅಪ್ಪನ ಅಥಣಿ ಚಪ್ಪಲಿಯ ಎರಡು ಫೋಟೊ ಕಳಿಸು, ಒಂದು ಮೇಲಿನಿಂದ, ಒಂದು ಅಟ್ಟೆ ಕಾಣೋ ಹಾಗೆ. ರಬ್ಬರ್ ಎಲ್ಲಿ ಹಾಕಿಸಬೇಕು ಅಂತ ಗುರುತು ಮಾಡಿ ವಾಪಸ್ ಕಳಿಸ್ತೀನಿ. ಅವರಿಬ್ಬರಿಗೂ ನನ್ನ ನಮಸ್ಕಾರ ಹೇಳು.

ನಿನ್ನ,
ರಘು